ಭಾನುವಳ್ಳಿಯಿಂದ ಶ್ರೀಪರ್ವತಕ್ಕೆ: ಕಾಲ್ನಡಿಗೆಯ ಹಾದಿ ಮತ್ತು ಅದರ ಹದ

ಶ್ರೀಶೈಲಕ್ಕೆ ನಡೆದು ಹೋಗಬೇಕೆಂಬ ಬಯಕೆ ನಮ್ಮ ಸೀಮೆಯ ತರುಣರಲ್ಲಿ ಈಚೆಗೆ ಮತ್ತೆ ಚಿಗುರಿರುವುದು ಸಂತೋಷದ ಸಂಗತಿ. ಕಳೆದ ಕಾರ್ತೀಕದಲ್ಲಿ ಹರಿಹರ ತಾಲ್ಲೂಕಿನ ನಮ್ಮ ಭಾನುವಳ್ಳಿಯ ಏಳೆಂಟು ಮಂದಿ ಹುಡುಗರು, ನನ್ನ ಕೈಕೆಳಗೆ ಅಕ್ಷರ ಕಲಿತವರೇ, ಮನೆಗೆ ಬಂದು, “ಮೇಷ್ಟ್ರೇ, ಬರುವ ಯುಗಾದಿಗೆ ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುತ್ತೇವೆ, ಹನ್ನೊಂದು ದಿನದಲ್ಲಿ ಮುಟ್ಟುವ ಲೆಕ್ಕ ಹಾಕಿದ್ದೇವೆ, ತಾವು ಹಿಂದೆ ಹೋದವರು, ದಾರಿ ಹೇಳಿ” ಎಂದು ಕೇಳಿದರು. ಹನ್ನೊಂದು ದಿನ ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನ ಎದೆ ಧಸಕ್ಕೆಂದಿತು. ಅದಕ್ಕೆ ಕಾರಣವುಂಟು, ಮುಂದೆ ಅರಿಕೆ ಮಾಡುತ್ತೇನೆ. ಅವರಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನೇ ಕ್ರಮವಾಗಿ ಬರೆದಿಟ್ಟರೆ ಇತರ ಊರುಗಳ ಭಕ್ತರಿಗೂ ಉಪಯೋಗವಾದೀತೆಂದು ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಅಂಗದ ಮೇಲೆ ಲಿಂಗವಿರುವವನಿಗೆ ಬೆಟ್ಟದ ಮೇಲಿನ ಲಿಂಗವನ್ನು ಅರಸಿ ಹೋಗುವ ಅಗತ್ಯವೇನು ಎಂದು ಕೇಳುವವರು ಇದ್ದಾರೆ. ಕೇಳುವುದು ನ್ಯಾಯವೂ ಆಗಿದೆ. ತೀರ್ಥಕ್ಷೇತ್ರಗಳ ಭ್ರಮೆಯನ್ನು ಶರಣರು ಎಷ್ಟು ನಿಷ್ಠುರವಾಗಿ ಖಂಡಿಸಿದ್ದಾರೆಂಬುದು ವಚನವಾಙ್ಮಯದ ಪರಿಚಯವಿದ್ದವರಿಗೆ ತಿಳಿಯದ ವಿಷಯವಲ್ಲ. ಸ್ಥಾವರ ಜಂಗಮಗಳ ಭೇದವನ್ನು ಬಸವಣ್ಣನವರಷ್ಟು ಸ್ಪಷ್ಟವಾಗಿ ಯಾರೂ ಹೇಳಿಲ್ಲ. ಆದರೂ ಅದೇ ಶರಣರ ನಡುವಿನಿಂದ ಉಡುತಡಿಯ ಮಹಾದೇವಿಯಕ್ಕ ಕಲ್ಯಾಣವನ್ನು ಹಾದು ಶ್ರೀಶೈಲದ ಕದಳಿಗೆ ನಡೆದಳು. ತನ್ನ ವಚನಗಳ ಅಂಕಿತವಾಗಿ ಆ ಬೆಟ್ಟದ ಒಡೆಯನ ಹೆಸರನ್ನೇ ಇರಿಸಿಕೊಂಡಳು. ಉಡುತಡಿ ಶಿಕಾರಿಪುರ ತಾಲ್ಲೂಕಿನ ಊರು, ನಮ್ಮ ನೆರೆಯದೇ. ಸೊನ್ನಲಿಗೆಯ ಸಿದ್ಧರಾಮನ ಅಂಕಿತದಲ್ಲಿಯೂ ಮಲ್ಲಿಕಾರ್ಜುನನೇ ಇದ್ದಾನೆ.

ಈ ಸಿದ್ಧರಾಮನ ಬಾಲ್ಯದ ಯಾತ್ರೆಯನ್ನು ರಾಘವಾಂಕನು ತನ್ನ ಸಿದ್ಧರಾಮ ಚಾರಿತ್ರದಲ್ಲಿ ವರ್ಣಿಸಿರುವ ಬಗೆಯನ್ನು ನೋಡಬೇಕು. ಹೊಲದಲ್ಲಿದ್ದ ಬಾಲಕನ ಬಳಿಗೆ ಜಂಗಮನೊಬ್ಬನು ಬಂದು, ತಾನು ಶ್ರೀಶೈಲದ ಮಲ್ಲಯ್ಯನೆಂದು ಹೇಳಿ, ಉಣ್ಣಲು ಕೇಳುತ್ತಾನೆ. ಬಾಲಕನು ಮನೆಗೆ ಓಡಿ ಮಜ್ಜಿಗೆಯನ್ನವನ್ನು ತರುವಷ್ಟರಲ್ಲಿ ಆತ ಮಾಯವಾಗಿರುತ್ತಾನೆ. ಅಳುತ್ತ ಅರಸುತ್ತಿದ್ದ ಹುಡುಗ ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರನ್ನು ಕೂಡಿಕೊಂಡು ಬೆಟ್ಟಕ್ಕೆ ಹೋಗುತ್ತಾನೆ. ಗುಡಿಯೊಳಗಿನ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆಂದರೆ ಅವನು ಒಪ್ಪುವುದಿಲ್ಲ; ತನ್ನನ್ನು ಅನ್ನ ಕೇಳಿದ ಮಲ್ಲಯ್ಯ ಬೇಕೆಂದು ಕಾಡುಮೇಡು ಅಲೆಯುತ್ತಾನೆ. ಕಮರಿಯ ಅಂಚಿನಲ್ಲಿ ಪ್ರಾಣ ಬಿಡಲು ಸಿದ್ಧನಾದಾಗ ದೇವನು ಪ್ರತ್ಯಕ್ಷನಾಗುತ್ತಾನೆ. ಆಕ್ಷೇಪಣೆಗೆ ಉತ್ತರ ಈ ಕಥೆಯಲ್ಲಿಯೇ ಇದೆಯೆಂದು ನನ್ನ ತಿಳಿವಳಿಕೆ. ಗುಡಿಯಲ್ಲಿರುವುದನ್ನು ನೋಡಲು ಮಾತ್ರ ಹೋಗುವುದಾದರೆ ಹರಿಹರದಲ್ಲಿ ಬಸ್ಸು ಹತ್ತಿದರೆ ಸಾಕು. ನಡೆಯುವವನು ಅರಸುವುದು ಬೇರೆಯೇ ಒಂದನ್ನು.

ಇನ್ನು ಹಾದಿಯ ಪ್ರಾಚೀನತೆಯ ಮಾತು. ಶ್ರೀಪರ್ವತಕ್ಕೆ ನಾಲ್ಕು ದಿಕ್ಕಿನಲ್ಲಿ ನಾಲ್ಕು ಮಹಾದ್ವಾರಗಳೆಂದು ಪರಂಪರೆ ಹೇಳುತ್ತದೆ: ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಪಶ್ಚಿಮಕ್ಕೆ ಅಲಂಪುರ, ಉತ್ತರಕ್ಕೆ ಉಮಾಮಹೇಶ್ವರ. ಇವುಗಳಲ್ಲಿ ಅಲಂಪುರವು ತುಂಗಭದ್ರೆಯ ದಡದಲ್ಲಿದೆ. ಬಾದಾಮಿಯ ಚಾಲುಕ್ಯರ ಕಾಲದ ನವಬ್ರಹ್ಮ ದೇವಾಲಯಗಳು ಅಲ್ಲಿವೆ. ಅದರ ಸಮೀಪದಲ್ಲಿಯೇ ತುಂಗಭದ್ರೆ ಕೃಷ್ಣೆಯನ್ನು ಕೂಡುತ್ತಾಳೆ. ಕೂಡಿದ ನೀರು ನಲ್ಲಮಲೆಯ ಕಣಿವೆಯಲ್ಲಿ ಹರಿದು ಶ್ರೀಶೈಲದ ಬುಡದಲ್ಲಿ ಪಾತಾಳಗಂಗೆ ಎನಿಸಿಕೊಳ್ಳುತ್ತದೆ. ಎಂದರೆ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕ್ರಿ.ಶ. ೧೨೨೪ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯ ಪಕ್ಕದಲ್ಲಿ ಹರಿದುಹೋದ ನೀರೇ ಮಲ್ಲಿಕಾರ್ಜುನನ ಪಾದದ ಬಳಿ ಸಾಗುತ್ತದೆ. ನಮ್ಮ ಹಿರಿಯರು ನದಿಯ ಜಾಡನ್ನು ಪೂರ್ತಿ ಹಿಡಿದು ನಡೆಯುತ್ತಿರಲಿಲ್ಲ, ಅದು ಬಹಳ ಸುತ್ತು. ಆದರೆ ಹೊರಡುವ ಮುನ್ನ ಹೊಳೆಗೆ ಹೋಗಿ ಮಿಂದು, “ತಾಯೀ, ನೀನು ಮುಂದೆ ಹೋಗಿರು, ನಾವು ಹಿಂದೆ ಬರುತ್ತೇವೆ” ಎಂದು ಹೇಳಿ ಬರುತ್ತಿದ್ದರು.

ಕಾಡಿನೊಳಗಿನ ಮೆಟ್ಟಿಲುಗಳ ಚರಿತ್ರೆ ಶಾಸನಗಳಿಂದ ತಿಳಿದುಬರುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಅದ್ದಂಕಿಯಿಂದ ಆಳಿದ ಪ್ರೋಲಯ ವೇಮರೆಡ್ಡಿಯು ಶ್ರೀಶೈಲಕ್ಕೂ ಅಹೋಬಲಕ್ಕೂ ಸೋಪಾನಗಳನ್ನು ಕಟ್ಟಿಸಿದನೆಂಬ ಕೀರ್ತಿಗೆ ಪಾತ್ರನಾಗಿದ್ದಾನೆ. ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠ್ಠಲಾಂಬೆಯು ೧೩೯೩ರಲ್ಲಿ ಪಾತಾಳಗಂಗೆಗೆ ಇಳಿಯುವ ಮೆಟ್ಟಿಲುಗಳನ್ನು ಮಾಡಿಸಿದಳು. ಗೋಪುರ ಕಟ್ಟಿಸಿದವರನ್ನು ಎಲ್ಲರೂ ಹೊಗಳುತ್ತಾರೆ. ಮೆಟ್ಟಿಲು ಕಟ್ಟಿಸಿದವರ ಉಪಕಾರ ಮೊಣಕಾಲು ನೋಯುವ ಯಾತ್ರಿಕನಿಗೆ ಮಾತ್ರ ಗೊತ್ತು. ಅದಕ್ಕೂ ಹಿಂದೆ, ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ಪಂಡಿತಾರಾಧ್ಯ ಚರಿತ್ರೆಯ ಪರ್ವತ ಪ್ರಕರಣದಲ್ಲಿ ಶಿವರಾತ್ರಿಗೆ ಬೆಟ್ಟಕ್ಕೆ ಬರುವ ಜನಸಮುದಾಯದ, ಅವರ ಹಾಡು ಕುಣಿತಗಳ ವಿಸ್ತಾರವಾದ ಚಿತ್ರಣವಿದೆ. ೧೭೯೪ರಲ್ಲಿ ಅಲ್ಲಿಗೆ ಹೋಗಿದ್ದ ಕಾಲಿನ್ ಮೆಕೆಂಜಿಯೂ ಕ್ಷೇತ್ರದ ವಿವರವಾದ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಆ ಕಾಲದಲ್ಲಿ ಕರ್ನೂಲಿನ ನವಾಬರ ಕಡೆಯವರು ಯಾತ್ರಿಕರಿಂದ ಸುಂಕ ವಸೂಲು ಮಾಡುತ್ತಿದ್ದರು.

ಕನ್ನಡಿಗರಿಗೂ ಈ ಬೆಟ್ಟಕ್ಕೂ ಇರುವ ನಂಟು ಭಕ್ತಿಯದಷ್ಟೇ ಅಲ್ಲ, ಬೀಗತನದ್ದು. ಭ್ರಮರಾಂಬೆ ನಮ್ಮ ಮನೆಯ ಮಗಳು, ಮಲ್ಲಯ್ಯ ಅಳಿಯ ಎಂಬ ಭಾವನೆಯಿಂದ ಯುಗಾದಿಗೆ ಮಗಳಿಗೆ ಸೀರೆ, ಕುಪ್ಪಸ, ಅರಿಸಿನ ಕುಂಕುಮ ಒಯ್ಯುವುದು ವಾಡಿಕೆ. ಆದ್ದರಿಂದಲೇ ಶಿವರಾತ್ರಿಯಲ್ಲಿ ತೆಲುಗರ ಸಂದಣಿ ಹೆಚ್ಚಾದರೆ ಯುಗಾದಿಯಲ್ಲಿ ಕನ್ನಡಿಗರದೇ ಮೇಲುಗೈ. ವಿಜಾಪುರ, ಬಾಗಲಕೋಟೆ ಸೀಮೆಯವರು ಗಂಟೆ, ಬಟ್ಟೆಗಳಿಂದ ಅಲಂಕರಿಸಿದ ಮಲ್ಲಯ್ಯನ ಕಂಬಿಯನ್ನು ಹೆಗಲ ಮೇಲೆ ಹೊತ್ತು ಬರುತ್ತಾರೆ. ಊರಿಗೆ ಹಿಂದಿರುಗಿದ ಮೇಲೆ ಐದೇಶಿ ಮಾಡಿ ಊರಿಗೆಲ್ಲ ಉಣಿಸುತ್ತಾರೆ. ಮರಗಾಲು ಕಟ್ಟಿಕೊಂಡು ಅಷ್ಟು ದೂರ ನಡೆಯುವ ಹರಕೆಯವರನ್ನೂ ಕಂಡಿದ್ದೇನೆ. ೨೦೨೨ರಲ್ಲಿ ಶ್ರೀಶೈಲ ಪೀಠದ ಜಗದ್ಗುರುಗಳವರೇ ಬೆಳಗಾವಿ ಜಿಲ್ಲೆಯ ಯಡೂರಿನಿಂದ ಶ್ರೀಶೈಲಕ್ಕೆ ಪಾದಯಾತ್ರೆ ಮಾಡಿದ್ದು ವಾಚಕರ ನೆನಪಿನಲ್ಲಿರಬಹುದು.

ನಮ್ಮ ಕಡೆಯಿಂದ ಹೊರಡುವವರ ದಾರಿ ಹೀಗೆ. ದಾವಣಗೆರೆಯನ್ನು ಹಾದು ಕೊಟ್ಟೂರು, ಅಲ್ಲಿಂದ ಕೂಡ್ಲಿಗಿ, ಬಳ್ಳಾರಿ, ಆಲೂರು, ಆದವಾನಿ, ಎಮ್ಮಿಗನೂರು, ಕರ್ನೂಲು, ನಂದಿಕೋಟ್ಕೂರು, ಆತ್ಮಕೂರು. ಆತ್ಮಕೂರಿನ ಆಚೆ ವೆಂಕಟಾಪುರದಿಂದ ಕಾಡು ಮೊದಲಾಗುತ್ತದೆ. ಎಲ್ಲ ಸೇರಿ ನಾಲ್ಕುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಹಿರಿಯರು ದಿನಕ್ಕೆ ಆರು ಹರದಾರಿಗಿಂತ ಹೆಚ್ಚು ನಡೆಯುತ್ತಿರಲಿಲ್ಲ. ಹರದಾರಿಯೆಂದರೆ ಮೂರು ಮೈಲಿ. ಈಗಿನ ಲೆಕ್ಕದಲ್ಲಿ ದಿನಕ್ಕೆ ಇಪ್ಪತ್ತೆಂಟು ಇಪ್ಪತ್ತೊಂಬತ್ತು ಕಿಲೋಮೀಟರು. ನಡುವೆ ಒಂದು ದಿನ ಪೂರ್ತಿ ವಿಶ್ರಾಂತಿ. ಈ ಪ್ರಕಾರ ಹದಿನಾರು ಹದಿನೇಳು ದಿನಗಳು ಬೇಕು. ಹೋಳಿ ಹುಣ್ಣಿಮೆಗೆ ಮೂರು ದಿನ ಮೊದಲೇ ಊರು ಬಿಡಬೇಕು. ಹನ್ನೊಂದು ದಿನದ ಲೆಕ್ಕದಲ್ಲಿ ದಿನಕ್ಕೆ ನಲವತ್ತು ಕಿಲೋಮೀಟರು ಬೀಳುತ್ತದೆ. ಮೊದಲ ಎರಡು ದಿನ ಇಪ್ಪತ್ತರ ಪ್ರಾಯದ ಕಾಲು ಅದನ್ನು ನಡೆದೀತು. ಮೂರನೆಯ ದಿನ ಅಂಗಾಲು, ಐದನೆಯ ದಿನ ಮೊಣಕಾಲು ತಮ್ಮ ಮಾತನ್ನು ಹೇಳುತ್ತವೆ.

ಆದಕಾರಣ ಹೊಸಬರು ಮೊದಲು ಕೊಟ್ಟೂರಿಗೆ ನಡೆದು ನೋಡಬೇಕು. ಮಾಘ ಬಹುಳದಲ್ಲಿ ಮೂಲಾ ನಕ್ಷತ್ರದಂದು ಜರುಗುವ ಗುರು ಬಸವೇಶ್ವರರ ರಥೋತ್ಸವಕ್ಕೆ ದಾವಣಗೆರೆ, ಹರಿಹರ, ರಾಣೇಬೆನ್ನೂರು ಕಡೆಗಳಿಂದ ಸಾವಿರಾರು ಜನ ನಡೆದೇ ಹೋಗುತ್ತಾರೆ. ದಾರಿಯುದ್ದಕ್ಕೂ ಹಳ್ಳಿಹಳ್ಳಿಯ ಭಕ್ತರು ಪೆಂಡಾಲು ಹಾಕಿ ಮಜ್ಜಿಗೆ, ಪಾನಕ, ಕಲ್ಲಂಗಡಿ, ಮಂಡಕ್ಕಿ, ಚಿತ್ರಾನ್ನಗಳನ್ನು ನೀಡುತ್ತಾರೆ; ಕಾಲಿಗೆ ಎಣ್ಣೆ ತಿಕ್ಕುವ ಸೇವೆಗೂ ಕೊರತೆಯಿಲ್ಲ. ಎರಡು ಮೂರು ದಿನಗಳ ಈ ನಡಿಗೆಯಲ್ಲಿ ತನ್ನ ಕಾಲು ಎಂಥದು, ಚಪ್ಪಲಿ ಎಂಥದು, ಜೊತೆಗಾರರು ಎಂಥವರು ಎಂಬುದು ತಿಳಿದುಹೋಗುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕೊಟ್ಟೂರಿನ ದಾರಿಯಲ್ಲಿ ಮುಂದೆ ಓಡಿ ಜೊತೆಯವರನ್ನು ಹಿಂದೆ ಬಿಟ್ಟವನನ್ನು ಶ್ರೀಶೈಲಕ್ಕೆ ಕರೆದೊಯ್ಯಬಾರದು.

ನಡೆಯುವ ವೇಳೆಯ ವಿಷಯದಲ್ಲಿ ಹಿರಿಯರ ನಿಯಮ ಇಂದಿಗೂ ಬದಲಾಗಬೇಕಿಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು ಒಂಬತ್ತೂವರೆಯೊಳಗೆ ದಿನದ ಮುಕ್ಕಾಲು ದಾರಿ ಮುಗಿಸುವುದು. ನೆರಳಿರುವಲ್ಲಿ ನಿಂತು ಸ್ನಾನ, ಲಿಂಗಪೂಜೆ, ಪ್ರಸಾದ. ಬಿಸಿಲು ಇಳಿಯುವವರೆಗೆ ಮಲಗುವುದು. ನಾಲ್ಕೂವರೆಗೆ ಎದ್ದು ಕತ್ತಲಾಗುವ ಮುನ್ನ ಉಳಿದ ದಾರಿ ನಡೆಯುವುದು. ಫಾಲ್ಗುಣದ ಬಿಸಿಲಿನಲ್ಲಿ ಬಳ್ಳಾರಿ ಕರ್ನೂಲುಗಳ ನಡುವಿನ ಡಾಂಬರು ರಸ್ತೆ ಮಧ್ಯಾಹ್ನದ ವೇಳೆ ಕಾದ ಹಂಚೇ ಸರಿ. ಬರಿಗಾಲಿನ ಹರಕೆ ಹೊತ್ತವರು ರಸ್ತೆಯ ಪಕ್ಕದ ಮಣ್ಣಿನಲ್ಲಿ ನಡೆಯಬೇಕು. ಹಿಂದಿನವರಿಗೆ ಇಲ್ಲದಿದ್ದ ಒಂದು ಭಯ ಇಂದಿನವರಿಗಿದೆ, ವಾಹನಗಳದು. ಕತ್ತಲಲ್ಲಿ ನಡೆಯುವಾಗ ಎದುರಿನಿಂದ ಬರುವ ವಾಹನ ಕಣ್ಣಿಗೆ ಕಾಣುವಂತೆ ರಸ್ತೆಯ ಬಲಬದಿಯನ್ನು ಹಿಡಿಯಬೇಕು. ಒಬ್ಬರ ಹಿಂದೆ ಒಬ್ಬರು ಸಾಲಾಗಿರಬೇಕು. ಮೊದಲಿನವನ ಕೈಯಲ್ಲೂ ಕಡೆಯವನ ಕೈಯಲ್ಲೂ ಬ್ಯಾಟರಿ ಇರಬೇಕು. ಬಿಳಿಯ ಬಟ್ಟೆ ತೊಟ್ಟಿರಬೇಕು. ನಡೆದು ದಣಿದವರು ರಸ್ತೆಯ ಅಂಚಿನಲ್ಲಿಯೇ ಮಲಗಿಬಿಡುವುದುಂಟು. ಅದಕ್ಕಿಂತ ಅಪಾಯ ಬೇರೊಂದಿಲ್ಲ.

ಹೊರೆಯ ಮಾತಿಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗುತ್ತದೆ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಈ ಹೆಚ್ಚಿನದು ನಮಗೇಕೆ, ಇದ್ದಲ್ಲಿಯೇ ಸುರಿದು ಬಾ ಎಂದವಳು ಆಕೆ. ಪಾದಯಾತ್ರೆಯ ಗಂಟು ಕಟ್ಟುವಾಗ ಮನೆಯಲ್ಲಿ ಅಂಥ ಒಬ್ಬ ಲಕ್ಕಮ್ಮ ಇರಬೇಕು. ಎರಡು ಜೊತೆ ಬಟ್ಟೆ, ಒಂದು ಕಂಬಳಿ, ಚೊಂಬು, ಟವೆಲು, ಕೋಲು, ವಿಭೂತಿ, ಸೂಜಿ ದಾರ, ಔಷಧದ ಚಿಕ್ಕ ಗಂಟು, ಇಷ್ಟು ಸಾಕು. ಬುತ್ತಿಗೆ ಜೋಳದ ಕಟಕು ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ, ಹುರಿಗಡಲೆ, ಅವಲಕ್ಕಿ. ನಮ್ಮ ದಾವಣಗೆರೆಯ ಮಂಡಕ್ಕಿ ಹಗುರವೆಂದು ಚೀಲ ತುಂಬಿಕೊಂಡವರು ಹಸಿವಿಗೆ ಅದು ನಿಲ್ಲುವುದಿಲ್ಲವೆಂದು ಎರಡನೆಯ ದಿನವೇ ತಿಳಿಯುತ್ತಾರೆ.

ಲಿಂಗವಂತರು ಮರೆಯಬಾರದ ಒಂದು ಸಣ್ಣ ವಿಷಯವುಂಟು. ಯಾವ ಪುಸ್ತಕದಲ್ಲಿಯೂ ಇದನ್ನು ಬರೆದಿಲ್ಲವಾದ್ದರಿಂದ ಇಲ್ಲಿ ಹೇಳುತ್ತೇನೆ. ಹೊರಡುವ ಮುನ್ನ ಶಿವದಾರವನ್ನು ಹೊಸದಾಗಿ ಹಾಕಿಕೊಳ್ಳಬೇಕು, ಮತ್ತೊಂದನ್ನು ಗಂಟಿನಲ್ಲಿ ಇಟ್ಟುಕೊಳ್ಳಬೇಕು. ಹದಿನೈದು ದಿನದ ಬೆವರಿಗೆ ಹತ್ತಿಯ ದಾರ ಒಳಗೊಳಗೇ ಲಡ್ಡಾಗಿ, ಹೊಳೆಯಲ್ಲಿ ಮೀಯುವಾಗ ಹರಿಯುತ್ತದೆ. ಆದವಾನಿಯ ಸಮೀಪದ ಒಂದು ಬಾವಿಯಲ್ಲಿ ಹೀಗೆ ಲಿಂಗ ಜಾರಿ, ಒಬ್ಬ ವೃದ್ಧರು ಅನ್ನ ನೀರು ಬಿಟ್ಟು ಕುಳಿತಿದ್ದನ್ನೂ, ಈಜು ಬಲ್ಲ ಮುಸಲ್ಮಾನ ಹುಡುಗನೊಬ್ಬ ಮುಳುಗಿ ಮುಳುಗಿ ಸಂಜೆಯ ವೇಳೆಗೆ ಅದನ್ನು ಎತ್ತಿ ಕೊಟ್ಟದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಕಾಲಿನ ಆರೈಕೆಗೆ ರಾತ್ರಿ ಮಲಗುವ ಮುನ್ನ ಅಂಗಾಲಿಗೂ ಬೆರಳ ಸಂದಿಗೂ ಹರಳೆಣ್ಣೆ ಹಚ್ಚುವುದು ಹಳೆಯ ಕ್ರಮ, ಒಳ್ಳೆಯ ಕ್ರಮ. ಆದರೆ ಬೊಬ್ಬೆ ಎದ್ದಾಗ ಸೂಜಿಯಿಂದ ದಾರ ಪೋಣಿಸಿ ಅದರಲ್ಲಿಯೇ ಬಿಡುವ ಹಳೆಯ ಪದ್ಧತಿಯನ್ನು ಬಿಟ್ಟುಬಿಡಬೇಕು. ದಾರದ ಗುಂಟ ನಂಜು ಒಳಗೆ ಹೋಗುತ್ತದೆಂದು ವೈದ್ಯರು ಹೇಳುತ್ತಾರೆ. ಬೊಬ್ಬೆಯನ್ನು ಒಡೆಯದೆ ಶುಭ್ರವಾದ ಪಟ್ಟಿ ಕಟ್ಟಿ ನಡೆಯುವುದೇ ಲೇಸು. ಹೊಸ ಚಪ್ಪಲಿ, ಹೊಸ ಬೂಟು ಎಂದಿಗೂ ಕೂಡದು. ಎರಡು ತಿಂಗಳು ಹೊಲ ಗದ್ದೆಗಳಲ್ಲಿ ಮೆಟ್ಟಿ ಪಳಗಿಸಿದ್ದಾಗಿರಬೇಕು. ಸಕ್ಕರೆ ಕಾಯಿಲೆಯವರ ಪಾದಕ್ಕೆ ನೋವು ತಿಳಿಯದು. ಅವರು ಬರಿಗಾಲಿನ ಹರಕೆ ಹೊರುವುದು ಸರ್ವಥಾ ಸಲ್ಲದು, ಪ್ರತಿ ಸಂಜೆ ಬೇರೊಬ್ಬರಿಂದ ಅಂಗಾಲು ನೋಡಿಸಿಕೊಳ್ಳಬೇಕು. ನೀರನ್ನು ಬಾಯಾರುವ ಮೊದಲೇ ಕುಡಿಯಬೇಕು, ಬರಿಯ ನೀರನ್ನಲ್ಲ. ಉಪ್ಪು ಬೆರೆತ ಮಜ್ಜಿಗೆ, ಇಲ್ಲವೆ ಔಷಧದಂಗಡಿಯಲ್ಲಿ ಸಿಗುವ ಓಆರ್‌ಎಸ್ ಪುಡಿ ಕಲಸಿದ ನೀರು. ಈ ಒಂದು ಮಾತು ೧೯೮೨ರಲ್ಲಿ ನನಗೆ ತಿಳಿದಿದ್ದರೆ ಎಂದು ಎಷ್ಟೋ ಸಲ ಹಳಹಳಿಸಿದ್ದೇನೆ.

ಆಗ ನನಗೆ ಇಪ್ಪತ್ತಮೂರು ವರ್ಷ. ನಮ್ಮ ತಾಲ್ಲೂಕು ಇನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಉಪಾಧ್ಯಾಯ ಶಿಕ್ಷಣ ಮುಗಿಸಿ ಕೆಲಸದ ಆದೇಶಕ್ಕಾಗಿ ಕಾಯುತ್ತಿದ್ದೆ. ನಮ್ಮ ದೊಡ್ಡಪ್ಪನವರು ಅದಕ್ಕೂ ಮುನ್ನ ನಾಲ್ಕು ಸಲ ಶ್ರೀಶೈಲಕ್ಕೆ ನಡೆದಿದ್ದವರು. ಆಗ ಅವರಿಗೆ ಅರವತ್ತಾರು ದಾಟಿತ್ತು. ಭ್ರಮರಾಂಬೆಗೆ ಒಯ್ಯುವ ಇಳಕಲ್ಲು ಸೀರೆಯನ್ನು ಹಳದಿ ವಸ್ತ್ರದಲ್ಲಿ ಸುತ್ತಿ ಬಗಲಲ್ಲಿ ಕಟ್ಟಿಕೊಂಡಿದ್ದರು. ಆತ್ಮಕೂರಿನವರೆಗೆ ಎಲ್ಲ ಸುಸೂತ್ರವಾಗಿತ್ತು. ಅಲ್ಲಿ ಬಾಗಲಕೋಟೆ ಕಡೆಯ ಕಂಬಿಯವರು ಜೊತೆಯಾದರು. ಯುಗಾದಿಯ ಮುನ್ನಾದಿನ ಬೆಟ್ಟದ ಮೇಲೆ ನಡೆಯುವ ವೀರಾಚಾರವನ್ನು, ಶಸ್ತ್ರ ಹಾಕಿಕೊಂಡು ಅಗ್ನಿಗುಂಡ ಹಾಯುವುದನ್ನು, ನೋಡಲೇಬೇಕೆಂಬ ಹಟ ನನ್ನದು. ಅದಕ್ಕಾಗಿ ಒಂದು ದಿನದ ವಿಶ್ರಾಂತಿಯನ್ನು ನಾನೇ ಬೇಡವೆಂದಿದ್ದೆ.

ವೆಂಕಟಾಪುರ ದಾಟಿದ ಮೇಲೆ ಮೊದಲ ಮುಖ್ಯ ತಂಗುದಾಣ ನಾಗಲೂಟಿ. ಅಲ್ಲಿ ವೀರಭದ್ರನ ಹಳೆಯ ಗುಡಿಯಿದೆ. ಅಲ್ಲಿಂದ ಮೇಲೆ ಕಲ್ಲಿನ ಮೆಟ್ಟಿಲುಗಳು. ಮುಂದಿನ ನೀರು ಪೆಚ್ಚೆರುವಿನಲ್ಲಿ. ಆಮೇಲೆ ಭೀಮುನಿ ಕೊಲನು ಎಂಬ ಆಳವಾದ ಕಮರಿಯನ್ನು ಇಳಿದು ಏರಿದರೆ ಕೈಲಾಸದ್ವಾರ. ನಾಗಲೂಟಿಯಲ್ಲಿ ದೊಡ್ಡಪ್ಪ, “ತಮ್ಮಾ, ಎರಡೂ ಡಬ್ಬಿ ತುಂಬಿಕೋ” ಎಂದರು. ಭಾರವಾಗುತ್ತದೆಂದು ನಾನು ಒಂದನ್ನೇ ತುಂಬಿದೆ. ಮೆಟ್ಟಿಲು ಏರುವಾಗ ಅದನ್ನೂ ಹೆಚ್ಚಾಗಿ ನಾನೇ ಕುಡಿದೆ. ಹತ್ತು ಗಂಟೆಯ ಮೇಲೂ ನಿಲ್ಲದೆ ನಡೆದೆವು. ದೊಡ್ಡಪ್ಪ ಮಾತನಾಡುವುದನ್ನು ನಿಲ್ಲಿಸಿದ್ದನ್ನು ನಾನು ಗಮನಿಸಲಿಲ್ಲ. ಆಮೇಲೆ ಏನೇನೋ ಮಾತನಾಡತೊಡಗಿದರು. ಎಂದೋ ಸತ್ತುಹೋದ ಎತ್ತನ್ನು ಹೆಸರು ಹಿಡಿದು ಕರೆದರು. ಹಾಗೆಯೇ ಕುಸಿದರು. ಮೈ ಮುಟ್ಟಿದರೆ ಕೆಂಡ. ಬೆವರಿನ ಒಂದು ಹನಿಯೂ ಇರಲಿಲ್ಲ.

ಬಿಸಿಲಿನ ಹೊಡೆತದ ಲಕ್ಷಣ ಅದೇ ಎಂಬುದು ಈಗ ಎಲ್ಲರಿಗೂ ತಿಳಿದಿರಬೇಕು: ಮೈ ಸುಡುವುದು, ಬೆವರು ನಿಂತರೂ ನಿಲ್ಲಬಹುದು, ಮಾತು ತಪ್ಪುವುದು. ಕೂಡಲೇ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಯೆಲ್ಲ ಒದ್ದೆ ಮಾಡಿ ಗಾಳಿ ಬೀಸಬೇಕು, ವೈದ್ಯರ ಬಳಿಗೆ ಸಾಗಿಸಲು ವಿಳಂಬ ಮಾಡಬಾರದು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಸುರಿಯಬಾರದು. ನನಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಒದ್ದೆ ಮಾಡಲು ನೀರೇ ಇರಲಿಲ್ಲ. ಕಂಬಿಯವರು ಮುಂದೆ ಹೋಗಿಬಿಟ್ಟಿದ್ದರು. ನಾನು ಅಳುತ್ತ ನಿಂತಿದ್ದಾಗ ಮರಗಳ ನಡುವಿನಿಂದ ಒಬ್ಬ ಚೆಂಚು ಮನುಷ್ಯ ಬಂದ. ನಲ್ಲಮಲೆಯ ಈ ಕಾಡಿನ ಮಕ್ಕಳು ಮಲ್ಲಯ್ಯನನ್ನು ತಮ್ಮ ಮನೆಯ ಅಳಿಯನೆಂದೇ ಕರೆಯುತ್ತಾರೆ, ಚೆಂಚು ಮಲ್ಲಯ್ಯನೆನ್ನುತ್ತಾರೆ. ಅವನ ಹೆಗಲಲ್ಲಿ ಸೋರೆಬುರುಡೆಯ ನೀರಿತ್ತು. ನನ್ನನ್ನು ಏನೂ ಕೇಳದೆ ದೊಡ್ಡಪ್ಪನ ತಲೆ, ಎದೆ, ಕಂಕುಳುಗಳಿಗೆ ಅದನ್ನು ಹನಿಹನಿಯಾಗಿ ಸವರಿ, ಎಲೆಯ ಟೊಂಗೆಯಿಂದ ಗಾಳಿ ಹಾಕಿದ. ಅವರು ಕಣ್ಣು ಬಿಟ್ಟ ಮೇಲೆ ಬೆನ್ನ ಮೇಲೆ ಹೊತ್ತುಕೊಂಡು ಪೆಚ್ಚೆರುವಿನವರೆಗೆ ನಡೆದ. ನಾನು ಹಿಂದೆ ಬರಿಗೈಯಲ್ಲಿ ನಡೆದೆ. ಕೊಟ್ಟ ಹಣವನ್ನು ಅವನು ತೆಗೆದುಕೊಳ್ಳಲಿಲ್ಲ. ಬೆಲ್ಲದ ಅಚ್ಚೊಂದನ್ನು ಮಾತ್ರ ತೆಗೆದುಕೊಂಡು ಹೋದ. ಹೆಸರು ಕೇಳುವಷ್ಟು ತೆಲುಗು ನನಗೆ ಬರುತ್ತಿರಲಿಲ್ಲವೆಂದು ಹೇಳಿಕೊಳ್ಳುತ್ತ ಬಂದಿದ್ದೇನೆ. ನಿಜವಾಗಿ, ಕೇಳಬೇಕೆಂದು ತೋಚಲಿಲ್ಲ.

ಮರುದಿನ ದೊಡ್ಡಪ್ಪನಿಗೆ ಏಳಲು ಶಕ್ತಿಯಿರಲಿಲ್ಲ. ಅಲ್ಲಿ ದಾಸೋಹ ನಡೆಸುತ್ತಿದ್ದವರ ಬಳಿ ತಾನು ಇರುವುದಾಗಿಯೂ ನಾನು ಹೋಗಿ ಮಗಳಿಗೆ ಸೀರೆ ಮುಟ್ಟಿಸಿ ಬರಬೇಕೆಂದೂ ಹೇಳಿದರು. ನಾನು ಹೋದೆ. ವೀರಾಚಾರವನ್ನೂ ನೋಡಿದೆ. ಮಲ್ಲಯ್ಯನನ್ನು ಮುಟ್ಟಿ ನಮಸ್ಕರಿಸಿದೆ. ಹಿಂದಿರುಗಿ ಬಂದಾಗ ಅವರು ಕೇಳಿದ್ದು, “ದರ್ಶನ ಆಯ್ತೇನಪ್ಪ?” ಎಂದಷ್ಟೆ. ಆಯಿತೆಂದೆ. ಸಿದ್ಧರಾಮನ ಕಥೆಯನ್ನು ಮೂವತ್ತೈದು ವರ್ಷಗಳ ಕಾಲ ತರಗತಿಯಲ್ಲಿ ಹೇಳುವಾಗಲೆಲ್ಲ ಆ ಉತ್ತರ ಸರಿಯಾಗಿತ್ತೇ ಎಂಬ ಅನುಮಾನ ನನ್ನನ್ನು ಕಾಡಿದೆ. ದೊಡ್ಡಪ್ಪ ಆಮೇಲೆ ಹನ್ನೊಂದು ವರ್ಷ ಬದುಕಿದ್ದರು, ಮತ್ತೆ ನಡೆಯಲಿಲ್ಲ. ಆ ಎರಡನೆಯ ಡಬ್ಬಿಯ ಮಾತನ್ನು ಅವರು ಯಾರ ಮುಂದೆಯೂ ಎತ್ತಲಿಲ್ಲ.

ಕಾಡಿನ ಸ್ಥಿತಿ ಈಗ ಬೇರೆಯಾಗಿದೆ. ೧೯೮೩ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ನಾಗಾರ್ಜುನಸಾಗರ ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶವು ದೇಶದಲ್ಲಿಯೇ ಅತ್ಯಂತ ವಿಶಾಲವಾದುದು. ಶಿವರಾತ್ರಿ, ಯುಗಾದಿಗಳ ಸಮಯದಲ್ಲಿ ಅರಣ್ಯ ಇಲಾಖೆಯವರು ಕಾಲುದಾರಿಯನ್ನು ಬಿಟ್ಟುಕೊಡುತ್ತಾರೆ; ಯಾವ ದಿನದಿಂದ ಯಾವ ದಿನದವರೆಗೆ ಎಂಬುದನ್ನು ಆತ್ಮಕೂರಿನಲ್ಲಿ ವಿಚಾರಿಸಿಕೊಂಡೇ ಒಳಗೆ ಹೋಗಬೇಕು. ಬೇರೆ ದಿನಗಳಲ್ಲಿ ನುಸುಳಿ ಹೋಗುವ ಸಾಹಸ ಬೇಡ. ಹಬ್ಬದ ದಿನಗಳಲ್ಲಿ ದಾರಿಯುದ್ದಕ್ಕೂ ದಾಸೋಹಗಳಿರುತ್ತವೆ, ನೀರಿನ ವ್ಯವಸ್ಥೆಯಿರುತ್ತದೆ. ಆದರೆ ಇದೆಯೆಂದು ನಂಬಿ ಬರಿಗೈಯಲ್ಲಿ ಹೋಗಬಾರದು. ತಲೆಗೆ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ನೀರು ಹೊರಬೇಕು, ಗುಂಪಿನ ವೃದ್ಧರ ಪಾಲಿನ ನೀರನ್ನು ತರುಣರು ಹೊರಬೇಕು. ಹಗಲಿನಲ್ಲಿ ಮಾತ್ರ ನಡೆಯಬೇಕು. ಒಣಗಿದ ಬಿದಿರು ಹುಲ್ಲುಗಳ ಆ ಕಾಡಿನಲ್ಲಿ ಬೆಂಕಿ ಹೊತ್ತಿಸುವುದು ಮಹಾಪಾಪ. ಪ್ಲಾಸ್ಟಿಕ್ ಕಾಗದ, ಸೀಸೆಗಳನ್ನು ಚೆಲ್ಲಿ ಬರುವವರು ಮಗಳ ಮನೆಯ ಅಂಗಳದಲ್ಲಿ ಕಸ ಸುರಿದು ಬಂದ ಬೀಗರಂತೆ.

ದಾಸೋಹದಲ್ಲಿ ಉಣ್ಣುವವನಿಗೂ ನಿಯಮವುಂಟು. ಎಲೆಯಲ್ಲಿ ಬಿಡಬಾರದು, ಒಂದೇ ಊರಿನಲ್ಲಿ ಎರಡು ಕಡೆ ಕೈಯೊಡ್ಡಬಾರದು, ನೀಡುವವರು ತೆಲುಗರೋ ಕನ್ನಡಿಗರೋ, ಯಾವ ಮತದವರೋ ಎಂದು ವಿಚಾರಿಸಬಾರದು. ನಡೆಯುವ ನೆಪದಲ್ಲಿ ಮಾಡುವ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೊರಡುವುದೂ ಸಲ್ಲ. ನುಲಿಯ ಚಂದಯ್ಯನವರು ಹುಲ್ಲು ಕೊಯ್ಯುವಾಗ ಲಿಂಗವೇ ಜಾರಿ ಬಿದ್ದರೂ ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಭದ್ರಾ ನಾಲೆಯ ನೀರು ನಂಬಿದ ನಮ್ಮ ಭತ್ತದ ಸೀಮೆಯಲ್ಲಿ ಫಾಲ್ಗುಣವೆಂದರೆ ಬೇಸಿಗೆ ಬೆಳೆಯ ಕಾಲ. ಆ ಏಳೆಂಟು ಹುಡುಗರಲ್ಲಿ ಮೂವರ ಗದ್ದೆಗೆ ನೀರು ಕಟ್ಟುವ ಸರದಿ ಅದೇ ವಾರಗಳಲ್ಲಿ ಬೀಳುತ್ತಿತ್ತು. ಯಾರ 'ಸರದಿಯನ್ನು ಯಾರು ನೋಡಿಕೊಳ್ಳಬೇಕೆಂಬುದನ್ನು ಊರಿನಲ್ಲಿ ಕುಳಿತು ಮೊದಲು ತೀರ್ಮಾನಿಸಿ, ಆಮೇಲೆ ದಾರಿಯ ಮಾತಾಡಿ ಎಂದೆ. ಹಾಗೆಯೇ ಮಾಡಿದರು.

ಹನ್ನೊಂದು ದಿನದ ಲೆಕ್ಕ ಈಗ ಹದಿನೇಳಕ್ಕೆ ಬಂದಿದೆ. ಗುಂಪಿನಲ್ಲಿ ಒಬ್ಬನ ತಂದೆಯೂ ಸೇರಿದ್ದಾರೆ, ಅರವತ್ತೆರಡರವರು. ದಾವಣಗೆರೆಯಲ್ಲಿ ವೈದ್ಯರಿಗೆ ತೋರಿಸಿ ಒಪ್ಪಿಗೆ ಪಡೆದುಕೊಂಡಿದ್ದಾರೆ. ಅವರ ಪಾಲಿನ ನೀರು ಹೊರಬೇಕಾದವನು ಯಾರೆಂಬುದನ್ನು ನನ್ನ ಮುಂದೆಯೇ ಗೊತ್ತುಮಾಡಿಸಿದ್ದೇನೆ. ನನ್ನ ಮೊಣಕಾಲು ಮೊದಲಿನಂತಿಲ್ಲ. ಕೊಟ್ಟೂರಿನವರೆಗೆ ಅವರೊಡನೆ ನಡೆದು, ಅಲ್ಲಿ ಗುರು ಬಸವೇಶ್ವರರ ಸನ್ನಿಧಿಯಲ್ಲಿ ಸೀರೆಯನ್ನು ಅವರ ಕೈಗೆ ಕೊಟ್ಟು, ಬಸ್ಸಿನಲ್ಲಿ ಊರಿಗೆ ಹಿಂದಿರುಗುವುದೆಂದು ಮಾತಾಗಿದೆ. ಸೀರೆಯ ಜೊತೆಗೆ ಬೆಲ್ಲದ ಅಚ್ಚೊಂದನ್ನೂ ಕಟ್ಟಿದ್ದೇನೆ. ಪೆಚ್ಚೆರುವಿನಲ್ಲಿ ಚೆಂಚುಗಳ ಮನೆಗಳಿದ್ದರೆ ಯಾರಿಗಾದರೂ ಕೊಡಿರೆಂದು ಹೇಳಿದ್ದೇನೆ.